ತೂಕದ ಬಟ್ಟು ಮತ್ತು ತಕ್ಕಡಿಗಳ ಮೇಲಿನ ಸೀಸದ ಮುದ್ರೆ: ಗುರುತಿಸುವ ಕ್ರಮ

ವ್ಯಾಪಾರದಲ್ಲಿ ಬಳಸುವ ಎಲ್ಲಾ ತೂಕ, ಅಳತೆ ಹಾಗೂ ತೂಕದ ಯಂತ್ರಗಳನ್ನು ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಕಲಂ 24ರನ್ವಯ ಸತ್ಯಾಪನೆಗೆ ಒಳಪಡಿಸಿ ಮುದ್ರೆ ಹಾಕಿಸುವುದು ಕಡ್ಡಾಯವಾಗಿರುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿಯಂತಹ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿಯು ತೂಕದ ಲೆಕ್ಕದಲ್ಲಿಯೇ ಮಾರಾಟವಾಗುವುದರಿಂದ ಬೆಳೆಗಾರರು ಈ ಮುದ್ರೆಯನ್ನು ಓದಲು ತಿಳಿದಿರುವುದು ಅವಶ್ಯಕ.

ಎರಕದ ಕಬ್ಬಿಣದ ಬಟ್ಟಿನಲ್ಲಿ ಒಂದು ಕುಳಿ ಇದ್ದು, ಅದರಲ್ಲಿ ಸೀಸ ತುಂಬಿರುತ್ತದೆ. ತೂಕವನ್ನು ಸರಿಹೊಂದಿಸುವುದೂ ಈ ಸೀಸದಿಂದಲೇ, ಮುದ್ರೆ ಒತ್ತುವುದೂ ಇದರ ಮೇಲೆಯೇ. ಮುದ್ರೆಯಲ್ಲಿ ನಿರೀಕ್ಷಕರ ಗುರುತಿನ ಸಂಖ್ಯೆ, ವರ್ಷ ಹಾಗೂ ತ್ರೈಮಾಸಿಕವನ್ನು ಸೂಚಿಸುವ ಇಂಗ್ಲಿಷ್ ಅಕ್ಷರ ಇರುತ್ತವೆ. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಡಿ' ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಬಟ್ಟು ಮತ್ತು ದಂಡದ ತಕ್ಕಡಿಗಳಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ತೂಕದ ಯಂತ್ರಗಳಿಗೆ 12 ತಿಂಗಳಿಗೊಮ್ಮೆ ಮರು ಸತ್ಯಾಪನೆ ಆಗಬೇಕು.

ಸೀಸ ಉದುರಿದ ಬಟ್ಟು ಹಗುರವಾಗಿದ್ದು, ಅಂಗಡಿಯಲ್ಲಿ ಕೊಳ್ಳುವವರಿಗೆ ನಷ್ಟ. ಕೊಬ್ಬರಿ ಖರೀದಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ತೂಗುವವನು ಕೊಳ್ಳುವವನಾದ್ದರಿಂದ ಬಟ್ಟು ಭಾರವಾದಷ್ಟೂ ಬೆಳೆಗಾರನಿಗೆ ನಷ್ಟ. 20 ಕಿಲೋ ಬಟ್ಟಿಗೆ 200 ಗ್ರಾಂ ಹೆಚ್ಚುವರಿ ಸೀಸ ಸೇರಿದ್ದರೆ ಒಂದು ಕ್ವಿಂಟಾಲಿಗೆ ಒಂದು ಕಿಲೋ ಕೊಬ್ಬರಿ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಆದುದರಿಂದ ಕುಳಿಯ ಸೀಸ ಉಬ್ಬಿದ್ದರೆ, ಹೊಸದಾಗಿ ಹೊಳೆಯುತ್ತಿದ್ದೂ ಮುದ್ರೆ ಇಲ್ಲದಿದ್ದರೆ ಅಂತಹ ಬಟ್ಟಿನಲ್ಲಿ ತೂಗಿಸಬಾರದು.

ಎಲೆಕ್ಟ್ರಾನಿಕ್ ಯಂತ್ರದಲ್ಲಿ ತಂತಿಗೆ ಪೋಣಿಸಿ ಒತ್ತಿದ ಸೀಸದ ಗುಂಡು ಇರುತ್ತದೆ. ಸೀಸಕ್ಕಿಂತ ಮೊದಲು ತಂತಿಯನ್ನು ನೋಡುವುದು ಒಳಿತು. ತಂತಿ ತುಂಡಾಗಿದ್ದರೆ ಅಥವಾ ಗಂಟು ಹಾಕಿದ್ದರೆ ಯಂತ್ರವನ್ನು ಬಿಚ್ಚಿರುವ ಸಂಭವವಿದೆ.

ಹಳೆಯ ಮನೆಗಳಲ್ಲಿ ದೊರೆಯುವ ಸೇರು, ತೊಲದ ಬಟ್ಟುಗಳಲ್ಲಿ ಮುದ್ರೆ ಸ್ಪಷ್ಟವಾಗಿದ್ದರೂ ಅವುಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 80 ತೊಲದ ಸೇರು ಸುಮಾರು 933 ಗ್ರಾಂ ಮಾತ್ರ. ಇನ್ನು ದಾರ ಹಾಯುವ ರಂಧ್ರವಿರುವ ಬಿಡಿ ಸೀಸದ ಬಿಲ್ಲೆಗಳೆಲ್ಲವೂ ತೂಕದ ಮುದ್ರೆಗಳಲ್ಲ. ಸರಕಿನ ಚೀಲಗಳ ಬಾಯಿಗೂ ಇಂತಹ ಬಿಲ್ಲೆ ಹಾಕುವ ರೂಢಿಯಿತ್ತು. ಹಂಗೇರಿಯ ಗಿರಣಿಗಳ ಹಿಟ್ಟಿನ ಚೀಲಗಳ ಬಿಲ್ಲೆಗಳನ್ನು ಯೂರೋಪಿನಲ್ಲಿ ಇಂದಿಗೂ ಸಂಗ್ರಹಿಸುವವರಿದ್ದಾರೆ.

ಸಂಶಯ ಬಂದಲ್ಲಿ ಅಂಗಡಿಯಲ್ಲಿ ಪ್ರದರ್ಶಿಸಿರುವ ಸತ್ಯಾಪನಾ ಪ್ರಮಾಣ ಪತ್ರದ ದಿನಾಂಕವನ್ನು ಮುದ್ರೆಯ ವರ್ಷದೊಂದಿಗೆ ಹೋಲಿಸಿ ನೋಡಬಹುದು. ವ್ಯತ್ಯಾಸ ಕಂಡುಬಂದಲ್ಲಿ ಬಟ್ಟನ್ನು ಕೆರೆಯದೆ, ಸೀಸವನ್ನು ಮುಟ್ಟದೆ, ಮುದ್ರೆಯ ಸಂಖ್ಯೆಯನ್ನು ಬರೆದುಕೊಂಡು ಸಂಬಂಧಪಟ್ಟ ಕಾನೂನು ಮಾಪನಶಾಸ್ತ್ರ ನಿರೀಕ್ಷಕರಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.