ಲಡಾಖ್ ಗಡಿಯ ಬೆಳಕುಗಳು

2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖ್ ಗಡಿ ಕಾಯುತ್ತಿದ್ದ ನಮ್ಮ ಸೈನಿಕರು ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡದ್ದಾಗಿ ದಾಖಲಿಸಿದರು. ಅವುಗಳಲ್ಲಿ 155 ಸಲ ವಾಸ್ತವಿಕ ನಿಯಂತ್ರಣ ರೇಖೆಯ ಉಲ್ಲಂಘನೆ ಆಗಿದೆ ಎಂದೂ ಬರೆದರು. ಪ್ಯಾಂಗಾಂಗ್ ಸರೋವರದಾಚೆ, ಚೀನಾದ ಕಡೆಯಿಂದ ಬೆಳಕೊಂದು ಮೇಲೇಳುತ್ತದೆ ಎಂದಮೇಲೆ ಬೇಹುಗಾರ ಡ್ರೋನಿನ ಅನುಮಾನ ಬರುವುದು ಸಹಜವೇ. ಕಡೆಗೆ ಪ್ರಶ್ನೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂತು. ಅದರ ವೀಕ್ಷಣಾಲಯ ಇರುವುದು ಅದೇ ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಅಲ್ಲಿನ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ. ಖಗೋಳಜ್ಞರ ಉತ್ತರ: ಒಂದು ಗುರು, ಇನ್ನೊಂದು ಶುಕ್ರ. 2013ರ ಜುಲೈನಲ್ಲಿ ಸುದ್ದಿಯಾದ ಈ ಉತ್ತರವನ್ನು ತಮಾಷೆಯಾಗಿ ನೋಡುವುದು ಅನ್ಯಾಯ. ಕಂಡದ್ದು ಗ್ರಹ ಎನ್ನುವುದಕ್ಕೂ ಡ್ರೋನ್ ಎನ್ನುವುದಕ್ಕೆ ಬೇಕಾದಷ್ಟೇ ಪುರಾವೆ ಬೇಕು, ಮತ್ತು ಇಲ್ಲಿ ಅದು ಇತ್ತು.

ಮೊದಲ ಬೆಳಕು ಸಂಜೆ ಆರಕ್ಕೆ ಕಂಡು ಬೆಳಗಿನ ಜಾವ ಐದರ ಹೊತ್ತಿಗೆ ಮರೆಯಾಗುತ್ತಿತ್ತು. ಎರಡನೆಯದು ನಸುಕಿನ ನಾಲ್ಕಕ್ಕೆ ಕಂಡು ಹನ್ನೊಂದರವರೆಗೂ ಇರುತ್ತಿತ್ತು. 2012ರ ಡಿಸೆಂಬರ್ ಮೊದಲ ವಾರದಲ್ಲಿ ಗುರು ಸೂರ್ಯನಿಗೆ ನೇರ ಎದುರಿಗಿದ್ದ. ಅಂದರೆ ಸೂರ್ಯ ಮುಳುಗುವಾಗ ಮೂಡಿ ರಾತ್ರಿಯಿಡೀ ಆಕಾಶದಲ್ಲೇ ಇರುವ ಸ್ಥಿತಿ. ಶುಕ್ರ ಆ ತಿಂಗಳುಗಳಲ್ಲಿ ಬೆಳಗಿನ ಆಕಾಶದಲ್ಲಿದ್ದ. ಗಾಳಿ ತೆಳುವಾಗಿ, ಧೂಳಿಲ್ಲದ ಆ ಎತ್ತರದಲ್ಲಿ ಬಿಸಿಲೇರಿದ ಮೇಲೂ ಅವನು ಕಣ್ಣಿಗೆ ಸಿಗುವುದು ಅಸಾಧ್ಯವೇನಲ್ಲ. ಇದಕ್ಕಿಂತ ಬಲವಾದ ಪರೀಕ್ಷೆಯೂ ಉಂಟು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಮೂಡುತ್ತವೆ, ತಿಂಗಳಿಗೆ ಎರಡು ಗಂಟೆ. ಗುರುವಿನ ನಡೆಯೂ ಹೆಚ್ಚುಕಡಿಮೆ ಅದೇ. ಯಾವ ಡ್ರೋನೂ ತಾರೆಗಳ ಈ ವೇಳಾಪಟ್ಟಿ ಹಿಡಿದು ತಿಂಗಳುಗಟ್ಟಲೆ ಹಾರುವುದಿಲ್ಲ. ಆ ಚಳಿಯಲ್ಲಿ ನಿಂತು ಸೈನಿಕರು ವೇಳೆ ಬರೆದಿಟ್ಟದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು. ಇದರ ಅರ್ಧ ಶ್ರೇಯಸ್ಸು ಅವರದು.

ತರಬೇತಿ ಪಡೆದ ಕಣ್ಣುಗಳು ಶುಕ್ರನನ್ನು ಗುರುತಿಸದೆ ಇರುತ್ತವೆಯೇ ಎಂದು ಕೇಳಬಹುದು. ಸೈನಿಕನ ತರಬೇತಿ ಅಪಾಯ ಕಣ್ತಪ್ಪದಂತೆ ನೋಡುವುದು, ಗ್ರಹಗಳನ್ನು ವಿಂಗಡಿಸುವುದಲ್ಲ. ಕಗ್ಗತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ಅದು ಸರಿದಾಡಿದಂತೆ ಕಾಣುವುದು ಎಲ್ಲರ ಕಣ್ಣಿಗೂ ಆಗುವ ಅನುಭವ, ದೂರವನ್ನಂತೂ ಅಳೆಯಲಾಗದು. ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಉತ್ತರ ಸಿಗದಾಗ ಸರ್ಕಾರಗಳು ಗ್ರಹದ ಹೆಸರು ಹೇಳಿ ಕೈತೊಳೆದುಕೊಳ್ಳುತ್ತವೆ. ಇದು ನಡೆದದ್ದುಂಟು. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಆಕಾಶದ ವಸ್ತುವೊಂದನ್ನು ಬೆನ್ನಟ್ಟಿ, ಆಮ್ಲಜನಕದ ಸಲಕರಣೆಯಿಲ್ಲದೆ ಅತಿ ಎತ್ತರಕ್ಕೇರಿ, ವಿಮಾನ ಉರುಳಿ ಸತ್ತರು. ವಾಯುಪಡೆ ಅದು ಶುಕ್ರ ಎಂದಿತು. ಶುಕ್ರ ಆ ದಿಕ್ಕಿನಲ್ಲಿ ಇದ್ದದ್ದು ನಿಜ, ಆದರೆ ಹಾಡಹಗಲಲ್ಲಿ ಹಲವರ ಕಣ್ಣು ಸೆಳೆಯುವಷ್ಟು ಪ್ರಕಾಶವಾಗಿ ಖಂಡಿತ ಅಲ್ಲ. ನೌಕಾಪಡೆಯ ಗುಟ್ಟಿನ ಸ್ಕೈಹುಕ್ ಬಲೂನು ಎಂಬ ವಿವರಣೆಯೇ ಆಮೇಲೆ ಹೆಚ್ಚು ಒಪ್ಪಿಗೆಯಾಯಿತು. ದಿಕ್ಕು ಹೊಂದಿತು, ಪ್ರಕಾಶ ಹೊಂದಲಿಲ್ಲ. ಒಂದನ್ನೇ ನೋಡಿ ತೀರ್ಪು ಕೊಟ್ಟದ್ದು ತಪ್ಪು. ಮುಂದೆ ನಿಜವಾಗಿಯೂ ಶುಕ್ರನೇ ಆಗಿದ್ದ ಪ್ರಕರಣಗಳಲ್ಲೂ ಜನ ನಂಬದಂತಾಗಲು ಇಂಥ ಆತುರವೂ ಕಾರಣ ಎಂದೇ ನನಗನಿಸುತ್ತದೆ.

ಗುರುತು ಸಿಗದ ಹಾರುವ ವಸ್ತುಗಳ ವರದಿಗಳನ್ನು ಪರಿಶೀಲಿಸುತ್ತಿದ್ದ ಅದೇ ವಾಯುಪಡೆಯ ಬ್ಲೂಬುಕ್ ಯೋಜನೆ 1969ರಲ್ಲಿ ಮುಚ್ಚುವಾಗ ಲೆಕ್ಕಕ್ಕೆ ಬಂದದ್ದು 12,618 ವರದಿಗಳು, ಬಗೆಹರಿಯದೆ ಉಳಿದದ್ದು 701. ಈ 701ನ್ನು ಅನ್ಯಲೋಕದ ಸಾಕ್ಷಿ ಎನ್ನುವವರು ಮ್ಯಾಂಟೆಲ್ ಪ್ರಕರಣದಲ್ಲಿ ವಾಯುಪಡೆ ಮಾಡಿದ ತಪ್ಪನ್ನೇ ತಿರುವಿಹಾಕಿ ಮಾಡುತ್ತಾರೆ: ಪುರಾವೆ ಸಾಲದ ಜಾಗದಲ್ಲಿ ತಮಗೆ ಬೇಕಾದ ಹೆಸರು ಬರೆಯುತ್ತಾರೆ. ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ತೆರೆದಿವೆ. ದಿನಾಂಕ, ವೇಳೆ, ದಿಕ್ಕು ಸರಿಯಾಗಿ ದಾಖಲಾಗಿರುವ ಯಾವುದೇ ಪ್ರಕರಣಕ್ಕೆ ಆ ರಾತ್ರಿಯ ಗ್ರಹಗಳ ಸ್ಥಾನವನ್ನು ಇಂದಿಗೂ ಹೊಸದಾಗಿ ಲೆಕ್ಕಹಾಕಿ ನೋಡಬಹುದು.