ಎಷ್ಟು ನಡೆಯಬೇಕು? ಯಾವಾಗ ನಡೆಯಬೇಕು?

ಹಳೆಯ ಬೀದರ್‌ನ ನಾಲ್ಕು ಭಾಗಗಳಿಗೆ ನಾಲ್ಕು ತಾಲೀಮುಗಳಿದ್ದವು: ಸಿದ್ದೀಕ್ ಶಾ, ನೂರ್ ಖಾನ್, ಮನಿಯಾರ್, ಪನ್ಸಾಲಿ. ಓಣಿಯ ಹುಡುಗರು ಸಾಮು ಮಾಡಲು ಸೇರುತ್ತಿದ್ದ ಜಾಗಗಳಿವು. ತಾಲೀಮಿನಲ್ಲಿ ಜಾಗ ಗೊತ್ತು, ಹೊತ್ತು ಗೊತ್ತು, ಜೊತೆಗಾರರೂ ಉಂಟು. ಆದರೆ ಅದು ಗಟ್ಟಿಮುಟ್ಟಾದ ಹುಡುಗರ ಲೋಕ. ಕುಳಿತೇ ದಿನ ಕಳೆಯುವವರನ್ನು, ಹೆಂಗಸರನ್ನು, ವಯಸ್ಸಾದವರನ್ನು ಎಬ್ಬಿಸುವುದು ಹೇಗೆ ಎಂಬ ಪ್ರಶ್ನೆ ವಿಜ್ಞಾನದ ಕೈಗೆ ಬಂದದ್ದು ಕಳೆದ ಶತಮಾನದ ನಡುವಿನಲ್ಲಿ.

ಮೊದಲು ಅಳತೆ

1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ಸೀಟು ಬಿಟ್ಟೇಳದ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. 1978ರಲ್ಲಿ ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು ಎಂಬ ಸಂಸ್ಥೆ ವಾರಕ್ಕೆ 3ರಿಂದ 5 ದಿನ, ಸಲಕ್ಕೆ 15ರಿಂದ 60 ನಿಮಿಷ ಎಂದು ಪ್ರಮಾಣ ಹಾಕಿಕೊಟ್ಟಿತು. ಓಡಬಲ್ಲವರಿಗೆ ಅದು ಒಗ್ಗಿತು. ಅಭ್ಯಾಸವೇ ಇಲ್ಲದವರಿಗೆ ದೂರವೇ ಉಳಿಯಿತು.

1995ರಲ್ಲಿ ಧೋರಣೆ ಸಡಿಲವಾಯಿತು: ಹೆಚ್ಚಿನ ದಿನಗಳಲ್ಲಿ 30 ನಿಮಿಷದ ಚುರುಕು ನಡಿಗೆ ಸಾಕು, ತುಂಡು ತುಂಡಾಗಿ ಮಾಡಿದರೂ ನಡೆದೀತು. 1999ರಲ್ಲಿ ಪ್ರಕಟವಾದ ಡಲ್ಲಾಸ್ ನಗರದ ಎರಡು ವರ್ಷಗಳ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ದಿನದ ಓಡಾಟದಲ್ಲೇ ಚಟುವಟಿಕೆ ಹೆಚ್ಚಿಸಿಕೊಂಡವರ ಫಲ ಜಿಮ್ಮಿಗೆ ಹೋದವರ ಫಲಕ್ಕೆ ಸರಿಸಾಟಿಯಾಗಿತ್ತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಎಂದಿತು. ಒಮ್ಮೆಗೆ ಕನಿಷ್ಠ 10 ನಿಮಿಷ ಇರಲೇಬೇಕೆಂಬ ಕಟ್ಟುಪಾಡನ್ನೂ ಕೈಬಿಟ್ಟಿತು.

ಆಮೇಲೆ ಮನಸ್ಸು

ಪ್ರಮಾಣ ಗೊತ್ತಿದ್ದೂ ಜನ ಏಕೆ ಏಳುವುದಿಲ್ಲ? ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ 1983ರಲ್ಲಿ ಧೂಮಪಾನ ಬಿಡುವವರನ್ನು ನೋಡಿ ಬದಲಾವಣೆಯ ಹಂತಗಳನ್ನು ಗುರುತಿಸಿದ್ದರು. ಮುಂದಿನ ದಶಕದಲ್ಲಿ ಬೆಸ್ ಮಾರ್ಕಸ್ ಅದನ್ನು ವ್ಯಾಯಾಮಕ್ಕೆ ತಂದರು. ಯೋಚನೆಯೇ ಮಾಡದವರಿಗೆ ಹೇಳುವ ಮಾತು ಬೇರೆ, ಬೂಟು ಕೊಂಡು ಮೂಲೆಗಿಟ್ಟವರಿಗೆ ಹೇಳುವ ಮಾತು ಬೇರೆ ಎಂಬುದು ಸ್ಪಷ್ಟವಾಯಿತು.

2002ರ ಒಂದು ಬ್ರಿಟಿಷ್ ಪ್ರಯೋಗ ಇನ್ನೂ ಮುಂದೆ ಹೋಯಿತು. ವ್ಯಾಯಾಮದ ಲಾಭ ಓದಿಸಿದ ಗುಂಪಿನಲ್ಲಿ ವಾರದೊಳಗೆ ವ್ಯಾಯಾಮ ಮಾಡಿದವರು ಶೇ. 35, ಏನನ್ನೂ ಹೇಳದ ಗುಂಪಿನಲ್ಲಿ ಶೇ. 38. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಒಂದು ವಾಕ್ಯ ಬರೆಸಿಕೊಂಡ ಗುಂಪಿನಲ್ಲಿ ಶೇ. 91. ನಂತರದ ಸಮೀಕ್ಷೆಗಳು ಈ ಪರಿಣಾಮ ಇಷ್ಟು ದೊಡ್ಡದಲ್ಲವೆಂದು ತೋರಿಸಿವೆ, ಆದರೆ ದಿಕ್ಕು ತಪ್ಪಲಿಲ್ಲ. ಹೊಸ ರೂಢಿಯೊಂದು ಮೈಗೂಡಲು ಸರಾಸರಿ 66 ದಿನ, ಕೆಲವರಿಗೆ 18, ಕೆಲವರಿಗೆ 254 ಎಂದು 2010ರ ಲಂಡನ್ ಅಧ್ಯಯನ ಅಂದಾಜಿಸಿತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಡುವುದಿಲ್ಲ ಎಂಬುದೂ ಅಲ್ಲೇ ಕಂಡಿತು. 2021ರಲ್ಲಿ 61,293 ಅಮೆರಿಕನ್ ಜಿಮ್ ಸದಸ್ಯರ ಮೇಲೆ ಹತ್ತಾರು ಉಪಾಯಗಳನ್ನು ಪರೀಕ್ಷಿಸಿದಾಗ, ತಪ್ಪಿಸಿಕೊಂಡವರು ಮರಳಿ ಬಂದಾಗ ಕೊಡುವ ಸಣ್ಣ ಬಹುಮಾನವೇ ಮೊದಲ ಸಾಲಿನಲ್ಲಿ ನಿಂತಿತು. ಪ್ರಯೋಗ ಮುಗಿದ ಮೇಲೂ ಫಲ ಉಳಿಸಿಕೊಂಡ ಉಪಾಯಗಳು ಮಾತ್ರ ಬೆರಳೆಣಿಕೆ.

ನಮ್ಮ ನೆಲದಲ್ಲಿ

2006ರ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಊಟ ಮತ್ತು ನಡಿಗೆಯ ಸಲಹೆ ಪಡೆದವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ. 28.5 ತಗ್ಗಿತು. ಅದರಲ್ಲೊಂದು ಜಾಣ್ಮೆಯಿತ್ತು: ಮೈಮುರಿದು ದುಡಿಯುವವರಿಗೆ, ದಿನಾ ಅರ್ಧ ಗಂಟೆ ನಡೆಯುವವರಿಗೆ, ಅದನ್ನೇ ಮುಂದುವರಿಸಿ ಎಂದರು. ಬೀದರ್ ಜಿಲ್ಲೆಯ ಔರಾದ್, ಭಾಲ್ಕಿಯಂಥ ತಾಲ್ಲೂಕುಗಳಿಗೆ ಈ ಎಚ್ಚರ ಬೇಕೇ ಬೇಕು. ಹೆಸರು, ಉದ್ದು, ಸೋಯಾ ಕೈಗೆ ಬರುವಾಗ ಹೊಲದಲ್ಲಿ ಬಾಗಿ ನಿಂತ ಹೆಣ್ಣುಮಗಳಿಗೆ ವಾಕಿಂಗ್ ಬೋಧಿಸುವುದು ಅನ್ಯಾಯ. ಕಷ್ಟ ಇರುವುದು ತೊಗರಿ ರಾಶಿ ಮುಗಿದ ಮೇಲೆ, ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟಿ ಜನ ನೆರಳು ಬಿಡದಿರುವಾಗ. ಬೀದರ್ ಪೇಟೆಯ ಅಂಗಡಿಗಲ್ಲೆಯ ಮೇಲಿದ್ದವರಿಗೆ ಹನ್ನೆರಡು ತಿಂಗಳೂ ಅದೇ ಗತಿ. ನೆಹರೂ ಕ್ರೀಡಾಂಗಣಕ್ಕೆ ಬೆಳಗ್ಗೆ ಹೋಗಬಲ್ಲವರ ಮಾತು ಬೇರೆ. ದೇಶದ ಲೆಕ್ಕ ನೋಡಿದರೆ, 2022ರಲ್ಲಿ ಸಾಲುವಷ್ಟು ಚಟುವಟಿಕೆ ಇಲ್ಲದ ವಯಸ್ಕರು ಸುಮಾರು ಅರ್ಧದಷ್ಟು, ಹೆಂಗಸರಲ್ಲಿ ಶೇ. 57.

ಈ ವಿಜ್ಞಾನ ಹಳ್ಳಿಯ ಮನೆಬಾಗಿಲಿಗೆ ಬರುವುದು ಆಶಾ ಕಾರ್ಯಕರ್ತೆಯ ಒಂದು ಫಾರ್ಮಿನ ಮೂಲಕ. 30 ದಾಟಿದವರ ಬಿಪಿ, ಶುಗರ್ ತಪಾಸಣೆಗೆ ಮುನ್ನ ಅವರು ವಯಸ್ಸು, ತಂಬಾಕು, ಸೊಂಟದ ಸುತ್ತಳತೆ ಬರೆದುಕೊಳ್ಳುತ್ತಾರೆ. ವಾರಕ್ಕೆ 150 ನಿಮಿಷ ಚಟುವಟಿಕೆ ಉಂಟೇ ಎಂದೂ ಕೇಳುತ್ತಾರೆ. ಇಲ್ಲವೆಂದರೆ ಒಂದು ಅಂಕ. ಒಟ್ಟು ನಾಲ್ಕು ದಾಟಿದರೆ ತಪಾಸಣೆಗೆ ಮೊದಲ ಆದ್ಯತೆ. ಆದರೆ ಇದು 1978ರ ಕಾಲದ ಪ್ರಶ್ನೆ, ಬರೀ ಎಷ್ಟು ಎಂದು ಕೇಳುವಂಥದ್ದು. ಅದರ ಕೆಳಗೆ ಇನ್ನೊಂದು ಸಾಲು ಸೇರಬೇಕು: ಯಾವ ತಿಂಗಳಿಂದ, ಯಾವ ಕೆಲಸ ಮುಗಿದ ಮೇಲೆ, ಎಲ್ಲಿ, ಯಾರ ಜೊತೆ? ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಕೇಳಿ, ಉತ್ತರ ಬರೆದುಕೊಂಡು, ತಿಂಗಳು ಬಿಟ್ಟು ಮತ್ತೆ ವಿಚಾರಿಸಿದರೆ ಖರ್ಚು ಹೆಚ್ಚಿಲ್ಲ. ಆಶಾ ಕಾರ್ಯಕರ್ತೆಯ ಹೆಗಲ ಮೇಲೆ ಈಗಾಗಲೇ ಇರುವ ಹೊರೆಯನ್ನು ಬೇರೆ ಕಡೆ ಇಳಿಸಿ ಈ ಕೆಲಸ ಕೊಡಬೇಕು ಅಷ್ಟೆ.