ಇಂಗ್ಲೆಂಡಿನ ಲಸಿಕಾ ಶಾಸನಗಳೂ ಮನಸ್ಸಾಕ್ಷಿಯ ವಿನಾಯಿತಿಯೂ (1853–1907)

ಪ್ರಜೆಯ ಶರೀರದ ಮೇಲೆ ಪ್ರಭುತ್ವಕ್ಕೆ ಎಷ್ಟರಮಟ್ಟಿನ ಅಧಿಕಾರವುಂಟೆಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರದ ಗ್ರಂಥಗಳು ಬಹುಮಟ್ಟಿಗೆ ತತ್ತ್ವದ ನೆಲೆಯಲ್ಲಿಯೇ ಚರ್ಚಿಸುತ್ತವೆ. ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಬೀದಿಗೂ ನ್ಯಾಯಸ್ಥಾನಕ್ಕೂ ಬಂದುದು ಸಿಡುಬಿನ ಲಸಿಕೆಯ ನಿಮಿತ್ತವಾಗಿ. ಹಳೆಯ ಮೈಸೂರು ಸೀಮೆಯ ಹಿರಿಯರು 'ದೇವಿ ಹಾಕಿಸುವುದು' ಎಂದು ಕರೆಯುತ್ತಿದ್ದ ಕ್ರಿಯೆಯೇ ಅದು. ಆ ವಿವಾದವನ್ನು ವಿಜ್ಞಾನಕ್ಕೂ ಅಜ್ಞಾನಕ್ಕೂ ನಡೆದ ಕಾಳಗವೆಂದು ಬಣ್ಣಿಸುವ ರೂಢಿಯುಂಟು. ಈ ವರ್ಣನೆ ಅರೆಸತ್ಯವೆಂದು ನಮ್ಮ ಅಭಿಪ್ರಾಯ. ಲಸಿಕೆಯ ಗುಣದಲ್ಲಿ ನಮಗೆ ಸಂಶಯವಿಲ್ಲ. ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಘೋಷಿಸಲು ಸಾಧ್ಯವಾದುದು ಅದರಿಂದಲೇ. ಶಾಸನವು ಜನರ ಮನಸ್ಸನ್ನು ಕಳೆದುಕೊಂಡುದು ದಂಡದ ಭಾರವನ್ನು ಯಾರ ಮೇಲೆ, ಎಷ್ಟು ಬಾರಿ ಹೊರಿಸಿತೆಂಬುದರಿಂದ.

ಎಡ್ವರ್ಡ್ ಜೆನ್ನರನು ತನ್ನ ಪ್ರಯೋಗವನ್ನು ನಡೆಸಿದುದು 1796ರಲ್ಲಿ. 1840ರ ಶಾಸನವು ಲಸಿಕೆಯನ್ನು ಉಚಿತವಾಗಿ ದೊರಕಿಸಿತು. 1853ರ ಶಾಸನವು ಅದನ್ನು ಕಡ್ಡಾಯಗೊಳಿಸಿತು. ಮಗು ಹುಟ್ಟಿದ ಮೂರು ತಿಂಗಳೊಳಗೆ ಲಸಿಕೆ ಹಾಕಿಸದಿದ್ದರೆ ತಂದೆತಾಯಿಗಳಿಗೆ ಒಂದು ಪೌಂಡಿನವರೆಗೆ ದಂಡ. ಅಂದಿನ ಹೊಲದ ಕೂಲಿಗಾರನಿಗೆ ಇದು ಒಂದು ವಾರದ ಸಂಪಾದನೆಯನ್ನೂ ಮೀರಿದ ಮೊತ್ತ. ಈ ಕೆಲಸವನ್ನು ಪಾರ್ಲಿಮೆಂಟು ಒಪ್ಪಿಸಿದುದು ದರಿದ್ರ ಪರಿಹಾರದ ಪಾಲಕ ಮಂಡಲಿಗಳಿಗೆ. ಅನಾಥಾಲಯ, ದುಡಿಮೆಮನೆಗಳನ್ನು ನಡೆಸುತ್ತಿದ್ದ ಆ ಮಂಡಲಿಗಳ ಹೆಸರು ಕೇಳಿದರೇ ಬಡವರು ಅಳುಕುತ್ತಿದ್ದರು. ಒಳ್ಳೆಯ ಔಷಧವೂ ಇಂಥ ಕೈಯಿಂದ ಬಂದಾಗ ಅವಮಾನವೆನಿಸಿದರೆ ಆಶ್ಚರ್ಯವಿಲ್ಲ.

ಲಸಿಕೆ ಹಾಕುತ್ತಿದ್ದ ವಿಧಾನವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ವೈದ್ಯನು ಕೂಸಿನ ತೋಳಿನಲ್ಲಿ ಹಲವೆಡೆ ಗೀರಿ ರಸವನ್ನು ಸೇರಿಸುತ್ತಿದ್ದನು. ಎಂಟನೆಯ ದಿನ ತಾಯಿ ಕೂಸನ್ನು ಮರಳಿ ಕರೆತರಬೇಕು. ಎದ್ದ ಗುಳ್ಳೆಯನ್ನು ಒಡೆದು, ಅದರ ರಸವನ್ನು ಅಲ್ಲಿಯೇ ಕಾದಿದ್ದ ಇತರ ಕೂಸುಗಳ ತೋಳಿಗೆ ಹಾಕುತ್ತಿದ್ದರು. ರಸ ತೆಗೆಯಗೊಡದ ತಾಯಿಯೂ ಮುಂದೆ ಶಾಸನದ ಕಣ್ಣಿನಲ್ಲಿ ಅಪರಾಧಿಯಾದಳು. ತೋಳಿನಿಂದ ತೋಳಿಗೆ ಸಾಗುತ್ತಿದ್ದ ಈ ರಸದೊಡನೆ ಸಿಫಿಲಿಸ್ ರೋಗವೂ ದಾಟಿದ ಪ್ರಸಂಗಗಳುಂಟು. ತಾಯಂದಿರ ಭಯ ಬರಿಯ ಮೌಢ್ಯವಾಗಿರಲಿಲ್ಲ. ಧನಿಕರಾದರೋ ತಮ್ಮ ವೈದ್ಯನನ್ನು ಮನೆಗೇ ಕರೆಸಿಕೊಳ್ಳುತ್ತಿದ್ದರು. ಹೀಗೆ ಒಂದೇ ಶಾಸನ ಎರಡು ವರ್ಗಗಳಿಗೆ ಎರಡು ಬಗೆಯಾಗಿ ತೋರಿತು.

1867ರ ಶಾಸನವು ಇನ್ನೊಂದು ಹೆಜ್ಜೆ ಮುಂದುವರಿದು, ಒಂದೇ ಮಗುವಿನ ವಿಷಯದಲ್ಲಿ ಮತ್ತೆ ಮತ್ತೆ ದಂಡ ವಿಧಿಸಲು ಅವಕಾಶವಿತ್ತಿತು. ಉಳ್ಳವನಿಗೆ ಇದು ವಿನಾಯಿತಿಯ ಬೆಲೆ. ಇಲ್ಲದವನಿಗೆ ಮನೆಯ ಸಾಮಾನಿನ ಹರಾಜು, ಇಲ್ಲವೇ ಸೆರೆಮನೆ. 1871ರ ಪಾರ್ಲಿಮೆಂಟಿನ ಸಮಿತಿಯು ದಂಡವನ್ನು ಎರಡು ಬಾರಿಗೆ ಮಿತಗೊಳಿಸಬೇಕೆಂದು ಸೂಚಿಸಿತು. ಪ್ರಭುಗಳ ಸಭೆ ಅದನ್ನು ತಳ್ಳಿಹಾಕಿತು. ಅದೇ ಕಾಲದಲ್ಲಿ, 1871–72ರಲ್ಲಿ, ಸಿಡುಬು ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ 40,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡುದರಿಂದ, ಸಡಿಲಿಕೆಯ ಮಾತು ಅಧಿಕಾರಿಗಳಿಗೆ ರುಚಿಸದಾಯಿತು.

ಪ್ರತಿಭಟನೆಯ ಕೇಂದ್ರವಾದುದು ಲೆಸ್ಟರ್ ನಗರ. 1885ರ ಮಾರ್ಚ್ 23ರಂದು ಅಲ್ಲಿ ಹಲವು ಹತ್ತು ಸಾವಿರ ಜನ ಮೆರವಣಿಗೆಯಲ್ಲಿ ನೆರೆದರು. ಮರುವರ್ಷ ಚುನಾಯಿತವಾದ ಪಾಲಕ ಮಂಡಲಿ ಮೊಕದ್ದಮೆಗಳನ್ನೇ ನಿಲ್ಲಿಸಿತು. ಆ ನಗರವು ಕೈಕಟ್ಟಿ ಕೂತಿರಲಿಲ್ಲವೆಂಬುದನ್ನು ಗಮನಿಸಬೇಕು. ರೋಗಿಯ ಸುದ್ದಿ ಒಡನೆಯೇ ತಿಳಿಯಬೇಕು, ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು, ಮನೆಯವರನ್ನು ಪ್ರತ್ಯೇಕವಾಗಿರಿಸಬೇಕು: ಇದು 'ಲೆಸ್ಟರ್ ಪದ್ಧತಿ'. ಕೂಸಿನ ತೋಳನ್ನು ಬಿಟ್ಟು ವಯಸ್ಕರ ಓಡಾಟಕ್ಕೆ ಕಟ್ಟು ಹಾಕಿದ ಈ ಪದ್ಧತಿಯನ್ನು ಸ್ವಾತಂತ್ರ್ಯದ ನಿಷ್ಕಳಂಕ ವಿಜಯವೆನ್ನಲು ನಾವು ಸಿದ್ಧರಿಲ್ಲ. ನಿರ್ಬಂಧವು ಸ್ಥಳ ಬದಲಿಸಿತು, ಅಷ್ಟೆ. ಆದರೆ ಅದನ್ನು ನಾಗರಿಕರು ತಾವೇ ಆರಿಸಿಕೊಂಡಿದ್ದರು.

1889ರಲ್ಲಿ ನೇಮಕವಾದ ರಾಜನಿಯೋಗವು ಏಳು ವರ್ಷ ಸಾಕ್ಷ್ಯ ಕೇಳಿ, ಲಸಿಕೆ ರೋಗವನ್ನು ತಡೆಯುವುದು ನಿಜ, ಆದರೆ ದಂಡದ ಪುನರಾವೃತ್ತಿ ಕೂಡದು ಎಂದು 1896ರಲ್ಲಿ ವರದಿಯಿತ್ತಿತು. 1898ರ ಶಾಸನವು ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯನ್ನು ತೊರೆದು ಕರುವಿನ ರಸವನ್ನು ತಂದಿತು. ವೈದ್ಯನೇ ಮನೆಗೆ ಹೋಗುವ ಏರ್ಪಾಟಾಯಿತು. ಲಸಿಕೆ ಹಾನಿಕರವೆಂದು ಮನಸ್ಸಾಕ್ಷಿಪೂರ್ವಕವಾಗಿ ನಂಬಿದ ತಂದೆತಾಯಿಗಳಿಗೆ ವಿನಾಯಿತಿ ದೊರೆಯಿತು. ವರ್ಷಾಂತ್ಯದೊಳಗೆ 2 ಲಕ್ಷಕ್ಕೂ ಮಿಕ್ಕು ವಿನಾಯಿತಿ ಪತ್ರಗಳು ಹೊರಬಿದ್ದವು.

ಆದರೆ ನಂಬಿಕೆ ಪ್ರಾಮಾಣಿಕವೆಂದು ಮ್ಯಾಜಿಸ್ಟ್ರೇಟರಿಗೆ ಮನದಟ್ಟಾಗಬೇಕಿತ್ತು. ಮನಸ್ಸಾಕ್ಷಿಯನ್ನು ಅಳೆಯುವ ಕೋಲು ಯಾವ ನ್ಯಾಯಾಧೀಶನ ಬಳಿಯಿತ್ತು? ಕೆಲವರು ಸುಮ್ಮನೆ ಸಹಿ ಹಾಕಿದರು. ಕೆಲವರು ಕೂಲಿಗಾರರನ್ನು ಗೇಲಿಮಾಡಿ ಹಿಂದಕ್ಕೆ ಕಳುಹಿಸಿದರು. 1907ರ ಶಾಸನವು ಈ ಪರೀಕ್ಷೆಯನ್ನು ಕೈಬಿಟ್ಟು, ಪ್ರಮಾಣಪೂರ್ವಕ ಹೇಳಿಕೆಯೊಂದೇ ಸಾಕೆಂದಿತು. ಒಂಬತ್ತು ವರ್ಷಗಳ ತರುವಾಯ ಕಡ್ಡಾಯ ಸೈನ್ಯಸೇವೆಯ ಶಾಸನ ಬಂದಾಗ 'ಮನಸ್ಸಾಕ್ಷಿಯ ವಿರೋಧಿ' ಎಂಬ ಮಾತು ಲಸಿಕೆಯ ವಿವಾದದಿಂದ ಯುದ್ಧದ ವಿವಾದಕ್ಕೆ ಸಾಗಿತು. ನ್ಯಾಯಮಂಡಲಿಗಳು ಮನಸ್ಸಾಕ್ಷಿಯನ್ನು ಪರೀಕ್ಷಿಸಲು ಮತ್ತೆ ಕುಳಿತವು. ಲಸಿಕೆಯ ಕಡ್ಡಾಯವಾದರೋ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ, ಹೆಚ್ಚಿನ ಗದ್ದಲವಿಲ್ಲದೆ ರದ್ದಾಯಿತು.